ಈ ಬೋಡು

ಸೇವಂತಿಯಮ್ಮನಿಗೆ ಎಂಬತ್ತೊಂದು ವರ್ಷ. ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಗಿತ್ತು. ಅದರ ಕಸುವೆಲ್ಲ ಬಲಗೈಗೆ ಬಂದು ಸೇರಿತ್ತೋ ಏನೋ, ಮನೆಯಲ್ಲೇ ಇದ್ದು ಅವಳ ಆರೈಕೆ ಮಾಡುತ್ತಿದ್ದ ಮಹಾದೇವಿಯ ಒಂದು ಹಲ್ಲು ಉದುರಿಸಿದ್ದೂ ಕಿವಿಯ ಹಾಲೆ ಹರಿದದ್ದೂ ಆ ಒಂದೇ ಕೈ. ಕೂದಲು ಸಿಕ್ಕಿದರೆ ಮುದುಕಿ ಬಿಡುತ್ತಿರಲಿಲ್ಲ. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿದರೆ ಮುಷ್ಟಿ ತಾನಾಗಿ ಬಿಚ್ಚುತ್ತದೆ ಎಂಬುದನ್ನು ಮಹಾದೇವಿ ಪೆಟ್ಟು ತಿಂದೇ ಕಲಿತಿದ್ದಳು. ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹೊತ್ತು ಯಾರೂ ಮುದುಕಿಯ ಹತ್ತಿರ ನಿಂತದ್ದೇ ಇಲ್ಲ.

ಮಗಳು ಜ್ಯೋತ್ಸ್ನಾ ಬೆಳಗ್ಗೆ ಎಂಟಕ್ಕೆ ಘಾಟ್ಕೋಪರ್ ಬಿಟ್ಟು ಗ್ರಾಂಟ್ ರೋಡಿನ ಹೋಟೆಲಿಗೆ ಹೋದರೆ ಬರುವುದು ಸಂಜೆಗೇ. ಹೋಗುವಾಗ, "ಅಮ್ಮನಿಗೆ ತಲೆ ಸರಿ ಇಲ್ಲ ಮಹಾದೇವಿ, ಬೇಜಾರು ಮಾಡಬೇಡ. ನಿನ್ನ ತಾಯಿ ಅಂತ ತಿಳ್ಕೊ" ಎನ್ನುತ್ತಿದ್ದಳು. ಹೇಳುವುದಕ್ಕೇನು, ಸುಲಭ. ಹೆತ್ತ ತಾಯಿ ಹೀಗೆ ಹೊಡೆದಿದ್ದರೆ ಅತ್ತು, ಬೈದು, ಎರಡು ದಿನ ಮಾತು ಬಿಡಬಹುದಿತ್ತು. ಇಲ್ಲಿ ರಕ್ತ ಒರೆಸಿಕೊಂಡು ನಗುನಗುತ್ತಾ ಗಂಜಿ ಉಣಿಸಬೇಕು.

ಪೆಟ್ಟನ್ನಾದರೂ ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ಒಂದು ಮಾತು. ಕಾಯಿಲೆ ಬಿದ್ದ ಮೇಲೆ ಮುದುಕಿಯ ಬಾಯಿಂದ ಕನ್ನಡ, ಹಿಂದಿ ಎಲ್ಲ ಜಾರಿಹೋಗಿ ತವರಿನ ತುಳು ಒಂದೇ ಉಳಿದಿತ್ತು. ಅಫಜಲಪುರ ಕಡೆಯ ಮಹಾದೇವಿಗೆ ತುಳು ಬಾರದು. ಆದರೆ ಅವಳು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೊರಟರೆ ಸಾಕು, ಮುದುಕಿ ಗಾಲಿಕುರ್ಚಿಯಲ್ಲಿ ಕುಳಿತೇ ಕೈಗೆ ಸಿಕ್ಕಿದ್ದನ್ನು ಎಸೆದು ಕೂಗುವುದು ಮಾತ್ರ ಕಿವಿಗೆ ನೆಟ್ಟಗೆ ಬೀಳುತ್ತಿತ್ತು: "ಈ ಬೋಡಿ, ಈ ಬೋಡಿ."

ಬೋಡಿ ಅಂದರೆ ತಲೆ ಬೋಳಿಸಿದವಳು, ಮುಂಡೆ. ಗಂಡ ಶೆಟ್ಟೆಪ್ಪ ಕಟ್ಟಡದ ಕೆಲಸದಲ್ಲಿ ಎಂಟನೇ ಮಾಳಿಗೆಯಿಂದ ಬಿದ್ದು ಸತ್ತ ವರ್ಷ ಅತ್ತೆ ಅಂಬವ್ವ ಅದೇ ಮಾತನ್ನು ಕುಂತರೂ ನಿಂತರೂ ಅಂದು, ಒನಕೆಯಿಂದ ಬೆನ್ನಿಗೆ ಬಡಿದು ಮನೆ ಬಿಡಿಸಿದ್ದಳು. ಅದರಿಂದ ತಪ್ಪಿಸಿಕೊಂಡು ಮುಂಬೈಗೆ ಬಂದರೆ ಇಲ್ಲಿಯೂ ಅದೇ ಕಾದಿತ್ತು. ಅರ್ಥ ಕೇಳಬೇಕೆಂದರೆ ಆ ಮಾತನ್ನು ತನ್ನ ಬಾಯಿಂದಲೇ ಆಡಬೇಕಲ್ಲ. ಎರಡು ವರ್ಷ ನುಂಗಿಕೊಂಡಳು.

ಆ ಶನಿವಾರ ಮಧ್ಯಾಹ್ನ ಬಟ್ಟೆಯ ಬಕೆಟ್ ಎತ್ತಿಕೊಂಡು ತಿರುಗುವಷ್ಟರಲ್ಲಿ ಸ್ಟೀಲಿನ ಚೊಂಬು ಬಂದು ಹುಬ್ಬಿಗೆ ಬಡಿಯಿತು. ಕಣ್ಣಿಗೆ ರಕ್ತ ಇಳಿಯಿತು. ಹತ್ತಿರ ಹೋದವಳ ಜಡೆ ಹಿಡಿದು ಜಗ್ಗಿ ಮುದುಕಿ ಮತ್ತೆ ಅದೇ ಕೂಗು ಕೂಗಿದಳು.

ಮಹಾದೇವಿ ಈ ಸಲ ಹೆಬ್ಬೆರಳಿನ ಬುಡ ಒತ್ತಲಿಲ್ಲ. ಕೆನ್ನೆಗೆ ಬಾರಿಸಿದಳು. ಕಟ್ಟಿಸಿದ ಹಲ್ಲಿನ ಸೆಟ್ಟು ಹಾರಿ ನೆಲಕ್ಕೆ ಬಿತ್ತು.

"ಯಾರು ಬೋಡಿ? ನಾ ಬೋಡಿ ಏನು? ನಿನ್ನ ಗಂಡರ ಎಲ್ಲಿ ಅದಾನ? ನೀನೂ ಬೋಡೀನ ಅದಿ."

ಮಾತಿಗೊಂದು ಏಟು. ಅಂಬವ್ವನಿಗೆ ಕೊಡಬೇಕಾಗಿದ್ದವೂ ಅದರಲ್ಲಿದ್ದವು. ಮುದುಕಿಯ ತುಟಿ ಒಡೆಯಿತು. ಒಳಗಿನ ಕೋಣೆಯಲ್ಲಿ ಓದುತ್ತಿದ್ದ ಮೊಮ್ಮಗಳು ಯಕ್ಷಿತಾ ಓಡಿಬಂದು ಮಹಾದೇವಿಯ ತೋಳಿಗೆ ಜೋತುಬಿದ್ದಳು.

"ಬಸ್ ಮೌಶಿ, ಬಸ್. ಅಜ್ಜಿ ಬೈದದ್ದು ಅಲ್ಲ. ಬೋಡಿ ಅಲ್ಲ ಅದು, ಬೋಡು. ತುಳುನಲ್ಲಿ ಬೋಡು ಅಂದ್ರೆ ಚಾಹಿಯೇ. ಈ ಅಂದ್ರೆ... ತುಮ್. ಅಜ್ಜಿಗೆ ನೀವು ಬೇಕು."

ಮಹಾದೇವಿ ಕುಸಿದು ಕುಳಿತಳು. ಎರಡು ವರ್ಷ, ಬೆನ್ನು ತಿರುಗಿಸಿದಾಗಲೆಲ್ಲ. ನೀನು ಬೇಕು ಎಂಬ ಮಾತನ್ನು ಅವಳಿಗೆ ಗಂಡನೂ ಅಂದಿರಲಿಲ್ಲ. ಹಲ್ಲಿನ ಸೆಟ್ಟನ್ನು ತೊಳೆದು ತಂದು, ಮುದುಕಿಯ ತುಟಿಯ ರಕ್ತ ಒರೆಸಿ, ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮುದುಕಿ ಅವಳ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಂಜೆ ಜ್ಯೋತ್ಸ್ನಾ ತಾಯಿಯ ಕೆನ್ನೆಯ ಮೇಲೆ ಐದು ಬೆರಳು ಕಂಡಳು. "ಅಮ್ಮನಿಗೆ ಎಂತ ಆದದ್ದು?" ಎಂದಾಗ ಯಕ್ಷಿತಾ, "ಅಜ್ಜಿ ಬಿದ್ರು" ಎಂದಳು.

"ಬಿದ್ದಿಲ್ರಿ ಅಕ್ಕಾರ. ನಾನ ಹೊಡ್ದೀನಿ" ಎಂದಳು ಮಹಾದೇವಿ.

ಜ್ಯೋತ್ಸ್ನಾ ಅವಳ ಕಪಾಳಕ್ಕೆ ಬಿಗಿದಳು. ಬಟ್ಟೆಯ ಚೀಲವನ್ನು ಬಾಗಿಲಾಚೆ ಒಗೆದು, "ಈಗಲೇ ಹೊರಡು" ಎಂದಳು. ಯಕ್ಷಿತಾ ಏನೋ ಹೇಳಹೋದರೆ ಅವಳಿಗೂ ಬೈಗುಳ.

ಆದರೆ ಮಹಾದೇವಿಯ ಸೆರಗು ಮತ್ತೆ ಮುದುಕಿಯ ಮುಷ್ಟಿಯಲ್ಲಿತ್ತು. ಜ್ಯೋತ್ಸ್ನಾ ಎಳೆದಳು, ಬರಲಿಲ್ಲ. "ಬುಡು ಅಮ್ಮ, ಬುಡು" ಎಂದು ತಾಯಿಯ ಕೈಯ ಮೇಲೆ ಪಟಪಟ ಹೊಡೆದಳು. ಮುದುಕಿ ಮಗಳ ಮುಖವನ್ನು ನೋಡುತ್ತಾ ಇನ್ನಷ್ಟು ಬಿಗಿ ಹಿಡಿದಳು.

"ಹೊಡಿಬ್ಯಾಡ್ರಿ. ಹಂಗ ಬಿಡಂಗಿಲ್ಲ ಆಯಿ" ಎಂದು ಮಹಾದೇವಿ ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮುದುಕಿಯ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. "ಇಲ್ಲಿ ನೋಡ್ರಿ, ಹೆಬ್ಬಟ್ಟಿನ ಬುಡಕ್ಕ. ಮೆಲ್ಲಕ ಒತ್ತರಿ."

ಮುಷ್ಟಿ ಬಿಚ್ಚಿತು. ಮಹಾದೇವಿ ಎದ್ದು ಚೀಲ ತೆಗೆದುಕೊಂಡು ಲಿಫ್ಟಿನೊಳಗೆ ಹೋದಳು. ಜಾಲರಿಯ ಬಾಗಿಲು ಎಳೆಯುವಾಗಲೇ ಮನೆಯೊಳಗೆ ಏನೋ ಬಿದ್ದು ಒಡೆದ ಸದ್ದಾಯಿತು, ಹಿಂದೆಯೇ ಮುದುಕಿಯ ಕೂಗು. ಲಿಫ್ಟು ಕೆಳಗಿಳಿದು ನಿಲ್ಲುವ ತನಕ ಅದು ಕೇಳಿಸುತ್ತಲೇ ಇತ್ತು.