ಎರಡು ಹಾಸುಗಳ ನಡುವೆ ಅಮಲ್ದಾರರು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಮೊಳಕಾಲ್ಮೂರಿನ ಮುನಿಸಿಪಾಲಿಟಿಗೆ ಮೆಂಬರಾದ ದಿನ ನೇಕಾರರ ಬೀದಿಗೆಲ್ಲ ಬೆಲ್ಲ ಹಂಚಿದರು. ಬೆಲ್ಲ ಬಾಯಲ್ಲಿ ಕರಗಿತು. ಬೀದಿಯ ಚರಂಡಿ ಮಾತ್ರ ಕದಲದೆ ನಿಂತಲ್ಲೇ ನಿಂತಿತ್ತು.

ಚರಂಡಿ ಎನ್ನುವುದೂ ದೊಡ್ಡ ಮಾತೇ. ಮೇಲಿನ ಬೀದಿಯವರ ಬಚ್ಚಲ ನೀರೆಲ್ಲ ಇಳಿದು ಬಂದು ನಮ್ಮ ಗೋಡೆಗೆ ತಾಗಿ ನಿಲ್ಲುವ ಕಪ್ಪು ಹೊಂಡ ಅದು. ನಮ್ಮದು ಗುಣಿ ಮಗ್ಗ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಕೋಲು ತುಳಿಯುತ್ತಾ ನೇಯಬೇಕು. ಮಳೆ ಬಂದರೆ ಹೊಂಡದ ನೀರು ಗೋಡೆಯಡಿ ಜಿನುಗಿ ಗುಣಿ ತುಂಬುತ್ತಿತ್ತು. ನನ್ನ ಗಂಡ ಚೊಂಬಿನಿಂದ ಮೊಗೆದು ಹಾಕಿ ಹಾಕಿ ಸೋತರು. ಕಾಲ್ಬೆರಳ ಸಂದಿಯೆಲ್ಲ ಕೊಳೆತು ಹುಣ್ಣಾಗಿತ್ತು.

“ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ಮಗ್ಗ ಬಿಚ್ಚಿಟ್ಟು ಬಳ್ಳಾರಿ ಕಡೆ ಗಿರಣಿ ಕೂಲಿಗೆ ಹೋಗಾದೇ” ಎಂದರು ಒಂದು ದಿನ. ಸುಮ್ಮನೆ ಗೊಣಗುವ ಜಾತಿಯೇ ಅಲ್ಲ ಅವರು. ಹೇಳಿದರೆ ಹೊರಟೇಬಿಡುವವರು.

ಭಾವನಿಗೆ ಹೇಳೋಣವೆಂದರೆ, ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬಾಯಿ ಬಿಡುವಂತಿಲ್ಲ. ಎಮ್ಮೆಯ ಜೊತೆ ಮಾತಾಡಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯೇ ಭಾವನದು. ಅದರ ಹಿತ್ತಿಲಲ್ಲಿ ಅವರು ಮುಖ ತೊಳೆಯುವ ಹೊತ್ತಿಗೆ ಸರಿಯಾಗಿ ನಾನು ನಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ, “ನೋಡೇ, ನೀನೇ ಪುಣ್ಯವಂತೆ. ಮೆಂಬರ ತಮ್ಮನ ಮನೆಗಿಂತ ನಿನ್ನ ಕೊಟ್ಟಿಗೆ ಒಣಗೈತೆ” ಎನ್ನುತ್ತಿದ್ದೆ. ಭಾವ ಕೆಮ್ಮುತ್ತಿದ್ದರು. ಕೆಲವು ದಿನ ಕೆಮ್ಮಿ ಸಾಕಾಗಿ ಅವರೂ ಎಮ್ಮೆಗೇ ಉತ್ತರ ಕೊಡತೊಡಗಿದರು.

“ಪ್ರತಿ ಮೀಟಿಂಗ್‌ನಾಗೂ ಎದ್ದು ಕೇಳ್ತೀನಿ. ಪ್ರೆಸಿಡೆಂಟರು ಅಂದ್ರೆ ತಾಲೂಕಿನ ಅಮಲ್ದಾರರು. ನೋಡೋಣ, ನೋಡೋಣ ಅಂತಾರೆ. ಈ ಬೀದಿಗೆ ಕಾಲೇ ಇಟ್ಟಿಲ್ಲ, ಏನು ನೋಡ್ತಾರೆ?”

“ಒಂದು ಗಳಿಗೆ ಇಲ್ಲಿ ಕೂರಿಸಿದ್ರೆ ಅವರ ಮೂಗೇ ಆರ್ಡರ್ ಬರೀತಿತ್ತು ಕಣೇ” ಎಂದು ನಾನು ಎಮ್ಮೆಯ ಬೆನ್ನು ತಟ್ಟಿದೆ.

ಆವತ್ತು ಭಾವ ಕೆಮ್ಮಲಿಲ್ಲ. ಒರೆಸಿದ ಮುಖವನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ನಿಂತಿದ್ದರು.

ಅಮಲ್ದಾರರ ಹೆಂಡತಿಗೆ ನಮ್ಮೂರ ರೇಷ್ಮೆ ಸೀರೆಯ ಮೇಲೆ ಆಸೆ ಎಂಬುದು ಊರಿಗೇ ಗೊತ್ತಿತ್ತು. ಭಾವ ಅಮಲ್ದಾರರ ಬಳಿ ಹೋಗಿ, ತಾವೇ ಮಗ್ಗದ ಮೇಲೆ ನೋಡಿ ಅಮ್ಮಾವರ ಸೀರೆಗೆ ಬುಟ್ಟಾ ಆರಿಸಬಹುದು, ದಯಮಾಡಿಸಬೇಕು ಎಂದು ಕೈಮುಗಿದು ಕರೆದು ಬಂದರು. ಮರುದಿನ ಬೆಳಿಗ್ಗೆ ಅಮಲ್ದಾರರ ಜಟಕಾ ಗತ್ತಿನಿಂದ ನಮ್ಮ ಬೀದಿ ಹೊಕ್ಕಿತು. ಹೊಂಡದ ಹತ್ತಿರ ಬರುತ್ತಲೇ ಎದುರಿಗೆ ಹಾಸು.

ಹಾಸು ಎಂದರೆ ಬಟ್ಟೆಯ ಉದ್ದದ ನೂಲು. ಅದನ್ನು ಬೀದಿಯಲ್ಲಿ ಬಿಗಿದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತೇವೆ. ಬಿಗಿದ ಹಾಸನ್ನು ಯಾರೂ ದಾಟುವಂತಿಲ್ಲ. ಮಹಾರಾಜರ ಆನೆ ಬಂದರೂ ಆಚೆ ನಿಂತು ಕಾಯಬೇಕು. ಜಟಕಾದವನು ಗೊಣಗುತ್ತಾ ಕುದುರೆ ತಿರುಗಿಸಿದ. ಅಷ್ಟರಲ್ಲಿ ಹಿಂದುಗಡೆಯೂ ಒಂದು ಹಾಸು ಬಿಗಿದಾಗಿತ್ತು! ಅದನ್ನು ಎಳೆದು ಕಟ್ಟಿದವರಲ್ಲಿ ನಾನೂ ಒಬ್ಬಳು. ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದೆ.

“ಎಷ್ಟು ಹೊತ್ತಯ್ಯಾ ಇದು?” ಅಮಲ್ದಾರರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕೇಳಿದರು.

“ಗಂಜಿ ಒಣಗಾಗಂಟ ಸ್ವಾಮಿ” ಎಂದರು ಭಾವ, ಮಾತಿಗೆ ಬೆಣ್ಣೆ ಸವರಿ.

ನಮ್ಮತ್ತೆಗೆ ಸಂಭ್ರಮ ಹೆಚ್ಚಾದರೆ ತೆಲುಗು ಬರುತ್ತಿತ್ತು. “ಕೂರ್ಚೋಂಡಿ ಸಾಮಿ, ತೊಂದರ ಲೇದು” ಎಂದು ಅವಸರವೇ ಇಲ್ಲದವರಂತೆ ಪಾನಕದ ಲೋಟ ನೀಡಿದರು. ಆ ನಾತದಲ್ಲಿ ಪಾನಕ ಯಾರಿಗೆ ಇಳಿದೀತು? ಬಿಸಿಲು ಏರಿತು, ನಾತವೂ ಏರಿತು. ಅಮಲ್ದಾರರು ಮುಂದಿನ ಹಾಸು ನೋಡಿದರು, ಹಿಂದಿನದು ನೋಡಿದರು, ಕಡೆಗೆ ಭಾವನನ್ನು ನೋಡಿದರು.

“ಮೆಂಬರೇ, ಇದೆಲ್ಲ ನಿಮ್ಮದೇ ಹೂಟವೋ?”

“ಹಾಸು ನೇಕಾರರದು ಸ್ವಾಮಿ. ಚರಂಡಿ ಮುನಿಸಿಪಾಲಿಟಿದು.”

ಅಮಲ್ದಾರರು ಕೆರಳಿ ಕೆಂಡವಾಗಿ ಜಟಕಾದಿಂದ ಧುಮುಕಿದರು. ಧುಮುಕಿದ್ದು ಸೀದಾ ಹೊಂಡಕ್ಕೆ. ಶಿವನೇ, ಅದನ್ನು ನಾವು ಹೂಡಿರಲಿಲ್ಲ! ಅತ್ತೆ ಗಾಬರಿಯಿಂದ ಅವರನ್ನು ಕಾಲು ತೊಳೆಯಲು ಒಳಗೆ ಕರೆತಂದರು. ಒಳಗೆ ನನ್ನ ಗಂಡ ಗುಣಿಯಲ್ಲಿ ಬಗ್ಗಿ ಹಿಂದಿನ ಮಳೆಯ ನೀರು ಮೊಗೆಯುತ್ತಿದ್ದರು. ದೊಡ್ಡವರು ಬಂದರೆಂದು ಧಡಕ್ಕನೆ ಮೇಲೆ ಹತ್ತಿ ನಿಂತರು. ಅಮಲ್ದಾರರು ತಮ್ಮ ಕೆಸರುಗಾಲು ನೋಡಿದರು, ಆಮೇಲೆ ನನ್ನ ಗಂಡನ ಹುಣ್ಣುಗಾಲು ನೋಡಿದರು. ಸೀರೆಯ ಮಾತೇ ಎತ್ತಲಿಲ್ಲ. ಆ ತಿಂಗಳ ಮೀಟಿಂಗಿನಲ್ಲೇ ಕಲ್ಲುಚರಂಡಿ ಮಂಜೂರಾಯಿತು.

ಗೆದ್ದೆವೆಂದು ಕುಣಿಯುವಷ್ಟರಲ್ಲಿ ಓವರ್‌ಸೀಯರ್ ಬಂದು ಹಗ್ಗ ಹಿಡಿದು ಅಳೆದ. ಇಳಿಜಾರು ಹಿಡಿದ ಹಗ್ಗ ನೆಟ್ಟಗೆ ಭಾವನ ಮನೆಯ ಜಗಲಿಯ ನಡುವೆ ಹಾಯಿತು. ಅವರಪ್ಪನ ಕಾಲದ ಕಲ್ಲಿನ ಜಗಲಿ. ಭಾವನ ದರ್ಬಾರೆಲ್ಲ ಅದರ ಮೇಲೆಯೇ. “ಮೆಂಬರ್ ಸಾಹೇಬ್ರೇ, ಬೇಕಾದರೆ ಬಗ್ಗಿಸೋಣ” ಎಂದ ಓವರ್‌ಸೀಯರ್. ಬಗ್ಗಿಸಿದರೆ ನೀರು ಮತ್ತೆ ನಮ್ಮ ಗೋಡೆಯ ಮೂಲೆಯಲ್ಲೇ ನಿಲ್ಲುವುದೆಂದು ಬೀದಿಗೆಲ್ಲ ಗೊತ್ತಿತ್ತು. ಭಾವ ಒಳಗೆ ಹೋಗಿ ಹಾಡುಹಗಲಲ್ಲೇ ಕಂಬಳಿ ಹೊದ್ದು ಮಲಗಿಬಿಟ್ಟರು. ನನಗೆ ಅಳು ಬಂತು. ಅಂದು ಎಮ್ಮೆಗೆ ಹುಲ್ಲು ಹಾಕುವುದನ್ನೂ ಮರೆತೆ.

ಸಂಜೆ ಓವರ್‌ಸೀಯರ್ ಹಗ್ಗ ಸುತ್ತುವ ಹೊತ್ತಿಗೆ ಭಾವ ಹಾರೆ ಹಿಡಿದು ಹೊರಗೆ ಬಂದರು. “ಹಗ್ಗ ಸರಿಯಾಗೇ ಐತೆ ಬಿಡಯ್ಯಾ” ಎಂದು ಮೊದಲ ಕಲ್ಲನ್ನು ತಾವೇ ಮೀಟಿದರು. ಮೀಟುತ್ತಾ ಮೇಲಿನ ಬೀದಿಯವರಿಗೆಲ್ಲ ಬಾಯಿಗೆ ಬಂದಂತೆ ಬೈದರು. ನಾವು ಯಾರೂ ತಡೆಯಲಿಲ್ಲ.

ಮೊದಲ ದೊಡ್ಡ ಮಳೆಗೆ ನೀರು ಹರಿಯುವುದನ್ನು ನೋಡಲು ಇಡೀ ಬೀದಿ ಹೊರಗೆ ನಿಂತಿತು. ಭಾವನಿಗೆ ಕೂರಲು ಜಗಲಿಯಿಲ್ಲ, ಕೊಡೆ ಹಿಡಿದು ಚರಂಡಿಯ ಪಕ್ಕ ನಿಂತಿದ್ದರು. ನನ್ನ ಗಂಡನೊಬ್ಬರು ಬಂದಿರಲಿಲ್ಲ.

“ಬಾರೋ ಲೇ, ನಿನ್ ಸಲುವಾಗಿ ಮಾಡ್ಸಿದ್ದು, ನೋಡು ಬಾರೋ!” ಎಂದು ಭಾವ ಮಳೆಯ ಸದ್ದಿನ ಮೇಲೆ ಕೂಗಿದರು.

“ಬರಾಕಾಗಲ್ಲಣ್ಣ,” ಒಳಗಿನಿಂದ ಅವರು ಕೂಗಿದರು, “ನೇಯಾಕತ್ತೀನಿ.”