ದೇವೀರಮ್ಮನ ಹೆಸರಿನ ಕ್ಯಾಸೆಟ್ಟು

ಗಂಡಸಿ ಊರಿನ ಸುತ್ತಮುತ್ತ ನಮ್ಮ ಸೋದರತ್ತೆ ಸಣ್ಣತಾಯಮ್ಮ ಬಾರದೆ ಹೆಣ್ಣನ್ನು ಹಸೆಮಣೆಗೆ ಕೂರಿಸುತ್ತಿರಲಿಲ್ಲ. ಸೋಬಾನೆ ಹಾಡುವವರೇನೋ ಬೇಕಾದಷ್ಟು ಜನ ಇದ್ದರು. ಅತ್ತೆ ಮಾತ್ರ ಹಿಂದಿನ ದಿನವೇ ಹೋಗಿ ಹೆಣ್ಣಿನ ಹೆಸರು, ತವರು, ಅವಳು ಸಾಕಿದ ಕರುವಿನ ಬಣ್ಣ ಎಲ್ಲ ಕೇಳಿಕೊಂಡು, ಹಾಡಿನೊಳಗೆ ಸೇರಿಸಿ ಕರೆಯುತ್ತಿದ್ದಳು. ತನ್ನ ಹೆಸರು ಕಿವಿಗೆ ಬಿದ್ದ ಮೇಲೆಯೇ ಹೆಣ್ಣು ಏಳಬೇಕು. ಅದು ನಮ್ಮ ಕಡೆಯ ಪದ್ಧತಿ.

೧೯೮೩ರಲ್ಲಿ ದೇವೀರಮ್ಮ ಎಂಬ ಹುಡುಗಿಯ ಮದುವೆಗೆ ಮೈಕ್‌ಸೆಟ್ ಮರುಳಪ್ಪ ಹೊಸ ಟೇಪ್‌ರೆಕಾರ್ಡರ್ ತಂದ. ಅತ್ತೆ ಹಾಡಿದ್ದನ್ನು ಅದರಲ್ಲಿ ಹಿಡಿದು ಅವಳಿಗೇ ಕೇಳಿಸಿದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ನಾನೂ ಚಪ್ಪಾಳೆ ತಟ್ಟಿದೆ, ನನ್ನ ಬುದ್ಧಿಗಿಷ್ಟು!

ಆಮೇಲೆ ಆ ಕ್ಯಾಸೆಟ್ಟು ಅರಸೀಕೆರೆಯಿಂದ ಹಳೇಬೀಡಿನವರೆಗೆ ಮದುವೆ ಮದುವೆಗೂ ಹೋಯಿತು. ಅತ್ತೆಗೆ ಕರೆ ಬರುವುದು ನಿಂತಿತು. ಹೆಣ್ಣು ಯಾರೇ ಆಗಿರಲಿ, ಲೌಡ್‌ಸ್ಪೀಕರ್ ಕರೆಯುತ್ತಿದ್ದದ್ದು ದೇವೀರಮ್ಮನನ್ನೇ. ಒಬ್ಬರಿಗಾದರೂ ಇರಿಸುಮುರಿಸು ಆಗಬೇಡವೇ? ಇಲ್ಲ, ಕ್ಯಾಸೆಟ್ಟಿನಲ್ಲಿ ಬಂದದ್ದೆಲ್ಲ ಚೆಂದ!

“ನನ್ನ ಮೊಮ್ಮಗಳು ಮುನಿಯಮ್ಮನ್ನಾದ್ರೂ ನಾನೇ ಹೆಸ್ರು ಹಿಡ್ದು ಕರೀತೀನಿ ಕಣೇ,” ಎಂದು ನನ್ನ ಹತ್ತಿರ ಹೇಳುತ್ತ ಅತ್ತೆ ಮೂರು ವರ್ಷ ಕಾದಳು.

ಆ ಮದುವೆಯೂ ಬಂತು. ಗಂಡು ಬಿಕ್ಕೋಡಿನವನು. ಮುನಿಯಮ್ಮನನ್ನು ಹಸೆಗೆ ಕರೆಯುವ ಹೊತ್ತಿಗೆ ಅತ್ತೆ ಬಾಯಿ ತೆರೆದಳು, ಲೌಡ್‌ಸ್ಪೀಕರೂ ಬಾಯಿ ತೆರೆಯಿತು.

“ಬಂದ್ ಮಾಡ್ಲಾ ಮರುಳಪ್ಪ!” ಎಂದು ಅತ್ತೆ ಕೂಗಿದಳು.

“ಗಂಡಿನ ಕಡೆಯೋರೇ ಕೇಳವ್ರೆ ಕಣಜ್ಜಿ. ನಿನ್ನ ಹಾಡೇ ಅಲ್ವಾ ಅದೂ?”

ಅತ್ತೆ ಬಿಡಲಿಲ್ಲ, ಬರಿಗಂಟಲಲ್ಲೇ ಹಾಡಿದಳು. ಬೀಗರ ಕಡೆಯ ಹೆಂಗಸೊಬ್ಬಳು ತಿರುಗಿ ಗದರಿದಳು: “ಸುಮ್ಕಿರವ್ವ! ಸಣ್ಣತಾಯಮ್ಮ ಹಾಡ್ತಾವ್ಳೆ, ಕೇಳಾಕೆ ಬಿಡು.”

ನನಗೆ ಮೈ ಉರಿದುಹೋಯಿತು. “ಇವ್ಳೇ ಕಣ್ರೀ ಸಣ್ಣತಾಯಮ್ಮ!” ಎಂದು ಕೂಗಿದೆ. ಆ ಅಬ್ಬರದ ಮುಂದೆ ನನ್ನ ಕೂಗು ಯಾರಿಗೆ ಬೇಕು? ಕ್ಯಾಸೆಟ್ಟಿನಲ್ಲಿ ದೇವೀರಮ್ಮನ ಹೆಸರು ಬಂತು. ನಮ್ಮ ಮುನಿಯಮ್ಮ ಎದ್ದು ಹೋಗಿ ಹಸೆಮಣೆಯ ಮೇಲೆ ಕೂತಳು.

ಅತ್ತೆ ಜನರನ್ನು ಸರಿಸಿಕೊಂಡು ಹೋದಳು. ಮೊಮ್ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕಿವಿಗೆ ಬಾಯಿಟ್ಟು, ಅವಳ ಹೆಸರಿನ ಸಾಲು ಹಾಡಿದಳು.

ಮುನಿಯಮ್ಮ ಬಾಸಿಂಗ ಸರಿಮಾಡಿಕೊಳ್ಳುತ್ತ ತಿರುಗಿದಳು.

“ಏನಜ್ಜಿ? ಕೇಳಿಸ್ತಿಲ್ಲ.”