ಮುಚ್ಚಳದ ಮೇಲಿನ ಐವತ್ತು ವಾಟ್

ಕಲಬುರಗಿ ಶಹಾಬಜಾರದ ಮಂಜೂರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂವತ್ತು ವರ್ಷದಿಂದ ರೇಡಿಯೋ, ಮಿಕ್ಸರ್ ರಿಪೇರಿ ಮಾಡುತ್ತ ಬಂದವನು; ಯಾವ ಗಿರಾಕಿಯನ್ನೂ ನಾಲ್ಕು ಮಾತು ಬೈಯದೆ ಕಳಿಸಿದವನಲ್ಲ. ಆದರೂ ಜನ ಬರುತ್ತಾರೆ, ಯಾಕೆಂದರೆ ಅವನ ಕೈ ಮುಟ್ಟಿದ್ದು ಮತ್ತೆ ಕೆಡುವುದಿಲ್ಲ. ಅಂಥವನ ಹೆಸರಿಗೇ ಈ ಮಳೆಗಾಲದಲ್ಲಿ ಮಸಿ ಹತ್ತಿತು.

ಮಂಜೂರ್ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಹ್ಯಾಮ್ ರೇಡಿಯೋದವನು. ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟಿನ ಐದು ವಾಟನ್ನು ಹತ್ತುಪಟ್ಟು ಮಾಡುವ ಆಂಪ್ಲಿಫೈಯರ್ ಒಂದನ್ನು ತಾನೇ ಕಟ್ಟಿ, ಅಂಗಡಿಯಲ್ಲಿ 13.8 ವೋಲ್ಟ್ ಕೊಟ್ಟು ಒಮ್ಮೆ ಅಳೆದು, ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ‘50 ವಾಟ್’ ಎಂದು ಬರೆದಿದ್ದ. ನೆರೆ ಬಂದು ಫೋನ್ ಕೈಕೊಟ್ಟರೆ ಇರಲೆಂದು ಊರಿನ ಹ್ಯಾಮ್ ಕ್ಲಬ್ಬಿನವರು ಆ ಪೆಟ್ಟಿಗೆಯನ್ನು ಕಮಲಾಪುರದ ಸದಸ್ಯ ದೌಲಪ್ಪನ ಮನೆಯಲ್ಲಿಟ್ಟರು. ಭಾನುವಾರದ ತಾಲೀಮಿನಲ್ಲಿ ದೌಲಪ್ಪನ ಮಾತು ಕಲಬುರಗಿಗೆ ತುಂಡು ತುಂಡಾಗಿ ಬಂತು. ಕಾರ್ಯದರ್ಶಿ ವಿವೇಕಾನಂದ ಎಲ್ಲರೆದುರು ನಕ್ಕ.

“ಮನ್ಯಾಗ ಮಾಡಿದ್ದು ಹಿಂಗೇ ಬಿಡ್ರಿ. ಕಂಪನೀದು ತರಸೋಣ.”

ಮಂಜೂರ್‌ಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ ಮೀಟರುಗಳನ್ನು ಚೀಲಕ್ಕೆ ತುರುಕಿ ಕಮಲಾಪುರದ ಬಸ್ಸು ಹತ್ತಿದ. ಪೆಟ್ಟಿಗೆಗೆ ಕರೆಂಟು ಕೊಡುವ ದೌಲಪ್ಪನ ಬ್ಯಾಟರಿಯೇ ಸತ್ತಿರಬೇಕೆಂದು ದಾರಿಯುದ್ದಕ್ಕೂ ಅದನ್ನು ಬೈದುಕೊಂಡೇ ಹೋದ.

ದೌಲಪ್ಪ ತನ್ನ ತೋಟದ ಕೆಂಪು ಬಾಳೆಹಣ್ಣನ್ನು ತಟ್ಟೆಯಲ್ಲಿ ತಂದಿಟ್ಟ.

“ಹಣ್ಣು ಆಮ್ಯಾಲ. ನಿಮ್ಮ ಸತ್ತ ಬ್ಯಾಟರಿ ತೋರಸ್ರಿ ಮೊದಲ.”

ಪಡಸಾಲೆಯಲ್ಲಿದ್ದ ಬ್ಯಾಟರಿ ಸತ್ತಿರಲಿಲ್ಲ. ಮಾತಾಡಲು ಮೈಕ್ ಒತ್ತಿದಾಗಲೂ ಮೀಟರು 12.2 ವೋಲ್ಟ್ ತೋರಿಸಿತು. ಮಂಜೂರ್ ಹಲ್ಲು ಕಡಿಯುತ್ತ ಒಳಕೋಣೆಗೆ ಹೋಗಿ, ಪೆಟ್ಟಿಗೆಯ ಹತ್ತಿರವೇ ಮೀಟರು ಹಚ್ಚಿದ. ದೌಲಪ್ಪ ಮೈಕ್ ಒತ್ತಿದೊಡನೆ ಮುಳ್ಳು ಒಂಬತ್ತೂವರೆಗೆ ಕುಸಿಯಿತು. ಪೆಟ್ಟಿಗೆಯೊಳಗಿನ ರಿಲೇ ಸ್ವಿಚ್ಚು ಬಿಟ್ಟು ಹಿಡಿದು ಕಟಕಟ ಎಂದಿತು. ಮಾತು ತುಂಡಾಗುತ್ತಿದ್ದುದು ಅಲ್ಲಿ. ಪಡಸಾಲೆಯ ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಮೂವತ್ತು ಅಡಿ ಸಣ್ಣ ವಯರು ಎಳೆದಿತ್ತು; ವೋಲ್ಟ್ ಅದರಲ್ಲೇ ಕರಗುತ್ತಿತ್ತು.

“ಇಷ್ಟು ಸಣ್ಣ ವಯರ್ ಯಾರ್ ಹಾಕ್ಯಾರ್ರಿ? ಸ್ವಲ್ಪರೆ ಬುದ್ಧಿ ಬ್ಯಾಡೇನು?”

ದೌಲಪ್ಪ ಬಾಳೆಹಣ್ಣು ಸುಲಿಯುತ್ತ ಹೇಳಿದ: “ನೀವೇ ಕಳಿಸೀರಿ, ಭಾಯಿ. ನಾ ದಪ್ಪಂದು ಕೇಳಿದ್ದೆ. ‘ಇದೇ ಸಾಕು, ನನಗ ಕಲಿಸಬ್ಯಾಡ್ರಿ’ ಅಂದ್ರಿ.”

ಅಂದದ್ದು ನಿಜ. ಮಂಜೂರ್‌ಗೆ ನಾಚಿಕೆಯಾಯಿತು, ನಾಚಿಕೆಗೆ ಇನ್ನಷ್ಟು ಸಿಟ್ಟು ಬಂತು. ಬ್ಯಾಟರಿಯನ್ನು ತಾನೇ ಹೊತ್ತು ತಂದು ಪೆಟ್ಟಿಗೆಯ ಪಕ್ಕ ಕುಕ್ಕಿದ, ಚೀಲದಲ್ಲಿದ್ದ ಗೇಣುದ್ದ ದಪ್ಪ ವಯರು ಹಚ್ಚಿದ. ಆಂಟೆನಾ ಕಳಚಿ, ಅದರ ಜಾಗಕ್ಕೆ ಶಕ್ತಿಯನ್ನೆಲ್ಲ ನುಂಗಿಕೊಳ್ಳುವ, ಎಣ್ಣೆಡಬ್ಬಿಯಲ್ಲಿ ಮುಳುಗಿಸಿದ ರೆಸಿಸ್ಟರನ್ನು ಚೀಲದಿಂದ ತೆಗೆದು ಜೋಡಿಸಿ ಅಳೆದ: 12.2 ವೋಲ್ಟಿಗೆ ಮೂವತ್ತೆಂಟು ವಾಟ್. ಆಮೇಲೆ ಅದೇ ಸಣ್ಣ ವಯರನ್ನು ತುಂಡು ಮಾಡಿ, ಒಂದೊಂದು ಅಳತೆಯದನ್ನು ನಡುವೆ ಸೇರಿಸಿ ವೋಲ್ಟ್ ಇಳಿಸುತ್ತ ಹೋದ. ಹನ್ನೊಂದು ವೋಲ್ಟಿಗೆ ಮೂವತ್ತು ವಾಟ್. ಹತ್ತಕ್ಕೆ ಇಪ್ಪತ್ತೆರಡು. ಅದಕ್ಕಿಂತ ಕೆಳಗೆ ಬರೀ ಕಟಕಟ. ಅಂಗಡಿಯಲ್ಲಿ ಒಂದು ಗಂಟೆ ಕೂತು ಮಾಡಬೇಕಿದ್ದ ಕೆಲಸವಿದು. ಬರೀ ಬ್ಯಾಟರಿ ಕೊಡದ 13.8 ವೋಲ್ಟಿಗೆ ಒಳ್ಳೆಯ ಅಂಕಿ ಸಿಕ್ಕಿತೆಂದು ಮೆರೆದು, ಅಷ್ಟಕ್ಕೇ ಬಣ್ಣದ ಡಬ್ಬಿ ತೆರೆದಿದ್ದ.

ಸಂಜೆ ಐದಕ್ಕೆ ಕ್ಲಬ್ಬಿನವರೆಲ್ಲ ರೇಡಿಯೋದಲ್ಲಿ ಸೇರುವ ಹೊತ್ತು. ದಪ್ಪ ವಯರನ್ನೂ ಆಂಟೆನಾವನ್ನೂ ಮತ್ತೆ ಹಚ್ಚಿದ ಮಂಜೂರ್, ದೌಲಪ್ಪನ ಕೈಯಿಂದ ಮೈಕ್ ಕಸಿದುಕೊಂಡ. ಲೈಸೆನ್ಸಿನಲ್ಲಿ ಕೊಟ್ಟ ತನ್ನ ಕರೆಹೆಸರು ಹೇಳಿ, ಜಗಳಕ್ಕೆ ನಿಂತವನ ದನಿಯಲ್ಲೇ ಶುರುಮಾಡಿದ.

“ವಿವೇಕಾನಂದ, ಬರಕೋರಿ. ಮುಚ್ಚಳದ ಮ್ಯಾಲಿನ ಐವತ್ತು ಸುಳ್ಳು. ಬ್ಯಾಟರಿ ಮ್ಯಾಲ ಮೂವತ್ತೆಂಟು. ಸಣ್ಣ ವಯರ್ ಕಳಿಸಿದಾಂವ ನಾನು. ದೌಲಪ್ಪಂದು ಏನೂ ತಪ್ಪಿಲ್ಲ. ಪೂರಾ ಕೇಳಿಸ್ತೇನ್ರಿ?”

ಮಂಜೂರ್ ಮೈಕಿನ ಗುಂಡಿ ಬಿಟ್ಟ.

“ಒಂದು ಅಕ್ಷರಾನೂ ಬಿಡದಂಗ ಕೇಳಿಸ್ತ್ರಿ, ಎಲ್ಲಾರಿಗೂ” ಎಂದ ವಿವೇಕಾನಂದ.

ಮಂಜೂರ್ ಮೈಕ್ ಇಟ್ಟು, ಸ್ಕ್ರೂಡ್ರೈವರಿನಿಂದ ಕೆಂಪು ಅಂಕಿಯನ್ನು ಕೆರೆಯತೊಡಗಿದ.